ಬಂದರಿನಿಂದ ಹೊರಟ ಒಂದೇ ಕಾರು

ತಿಪಟೂರು
16 ಡಿಸೆಂಬರ್ 2024

ಶ್ರೀ ಗಿರಿಧರ್ ಅವರಿಗೆ,

ನಾನು ಕಲಾವತಿ. ನವೆಂಬರ್ ಹತ್ತೊಂಬತ್ತರಂದು ನಿಮ್ಮ ಕಾರಿನಲ್ಲಿ ಚೆನ್ನೈ ನೋಡಲು ಹೋಗಿ ಹೆಣವಾಗಿ ಊರಿಗೆ ಬಂದ ಭೋಜರಾಜ ಅವರ ಹೆಂಡತಿ. ಅವರ ಅಂಗಿಯ ಜೇಬಿನಲ್ಲಿ ನೆನೆದು ಅಂಟಿಕೊಂಡಿದ್ದ ಕಾರ್ಡಿನಲ್ಲಿ ನಿಮ್ಮ ವಿಳಾಸವಿತ್ತು.

ವಿಮಾ ಕಂಪನಿಯವರು ಬಹುಮಾನವಾಗಿ ಕೊಟ್ಟ ಪ್ರವಾಸ ಅದು. ವಿಶಾಖಪಟ್ಟಣದಲ್ಲಿ ಹಡಗು ಹತ್ತಿದೆವು. ಚೆನ್ನೈನಲ್ಲಿ ಒಂದು ದಿನ ನಿಲ್ಲಬೇಕಿತ್ತು. ಚಂಡಮಾರುತ ದಿಕ್ಕು ಬದಲಿಸಿತೆಂದು ಎಲ್ಲ ಬಸ್ಸುಗಳನ್ನೂ ರದ್ದು ಮಾಡಿದರು. ಇಳಿಯುವುದು ನಿಮ್ಮಿಷ್ಟ, ಜವಾಬ್ದಾರಿ ನಮ್ಮದಲ್ಲ ಎಂದು ಮೈಕಿನಲ್ಲಿ ಹೇಳಿದರು. ನಮ್ಮ ಗುಂಪಿನ ನಲವತ್ತು ಜನರಲ್ಲಿ ಇಳಿದವರು ನಮ್ಮ ಯಜಮಾನರೊಬ್ಬರೇ. ಆ ದಿನ ಬಂದರಿನ ಗೇಟು ದಾಟಿದ ಪ್ರವಾಸಿ ಕಾರು ನಿಮ್ಮದೊಂದೇ ಎಂದು ಕೇಳಿದ್ದೇನೆ.

ದಕ್ಕೆಗೆ ಕಟ್ಟಿದ ಹಡಗುಗಳು ಗಾಳಿಗೆ ಬಡಿದು ಒಡೆಯುತ್ತವೆಂದು ಮಧ್ಯಾಹ್ನವೇ ನಮ್ಮ ಹಡಗನ್ನು ಸಮುದ್ರಕ್ಕೆ ಕಳಿಸಿದರು. ಅವರು ಸತ್ತ ಸುದ್ದಿ ನನಗೆ ಸಿಕ್ಕಿದ್ದು ಎರಡು ದಿನದ ಮೇಲೆ. ಮೈದುನ ಸದಾನಂದ ಚೆನ್ನೈಗೆ ಹೋಗಿ ಹೆಣ ತಂದ.

ಪೊಲೀಸರ ಕಾಗದದಲ್ಲಿ ವೇಲಚೇರಿ ಎಂದಿದೆ. ಬಿರುಗಾಳಿಯಲ್ಲಿ ಒಬ್ಬ ಪ್ರವಾಸಿಯನ್ನು ವೇಲಚೇರಿಗೆ ಕರೆದುಕೊಂಡು ಹೋಗಿ ತೋರಿಸುವಂಥದ್ದು ಏನಿದೆ? ಎಷ್ಟು ಗಂಟೆಗೆ ಎಲ್ಲಿದ್ದಿರಿ, ಅವರು ಯಾರ ಯಾರ ಜೊತೆ ಮಾತಾಡಿದರು, ಎಲ್ಲವನ್ನೂ ಬರೆದು ತಿಳಿಸಿ. ಫೋನ್ ಮಾಡಬೇಡಿ. ನಾನು ಪಾಠ ಹೇಳುವ ಶಾಲೆಯ ವಿಳಾಸ ಹಿಂದೆ ಬರೆದಿದ್ದೇನೆ. ಅಲ್ಲಿಗೇ ಕಳಿಸಿ.

ಕಲಾವತಿ

*

ವೇಲಚೇರಿ, ಚೆನ್ನೈ
24 ಡಿಸೆಂಬರ್ 2024

ಮಾನ್ಯ ಕಲಾವತಿಯವರಿಗೆ,

ನಿಮ್ಮ ದುಃಖಕ್ಕೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ಬರವಣಿಗೆಯಲ್ಲಿ ತಪ್ಪಿದ್ದರೆ ಮನ್ನಿಸಿ. ತಂದೆಗೆ ರೈಲ್ವೆಯಲ್ಲಿ ವರ್ಗವಾಗಿ ಚನ್ನಪಟ್ಟಣದಿಂದ ಇಲ್ಲಿಗೆ ಬಂದಾಗ ನನಗೆ ಆರು ವರ್ಷ. ಶಾಲೆ ಕಲಿತದ್ದು ತಮಿಳಿನಲ್ಲಿ. ಕನ್ನಡ ಅಕ್ಷರ ಕಲಿಸಿದವರು ನನ್ನ ಅಮ್ಮ ಪ್ರೇಮಮ್ಮ.

ಒಂಬತ್ತಕ್ಕೆ ಬಂದರಿನ ಗೇಟು ಬಿಟ್ಟೆವು. ಕನ್ನಡ ಬಲ್ಲ ಗೈಡೇ ಬೇಕೆಂದು ಅವರು ಕೇಳಿದ್ದರಿಂದ ಏಜೆನ್ಸಿಯವರು ನನ್ನನ್ನು ಕರೆದಿದ್ದರು. ವೈಪರ್ ಎಷ್ಟು ಜೋರಾಗಿ ಬೀಸಿದರೂ ಮುಂದಿನ ಹತ್ತಡಿ ಕಾಣುತ್ತಿರಲಿಲ್ಲ. ಮರೀನಾ ಉದ್ದಕ್ಕೂ ಪೊಲೀಸರು ಬ್ಯಾರಿಕೇಡ್ ಇಟ್ಟಿದ್ದರು. ಗಾಳಿ ಅದನ್ನು ಎತ್ತಿ ನಮ್ಮ ಬಾನೆಟ್ ಮೇಲೆ ಎಸೆಯಿತು. ಮೀನು, ಜೋಳ ಮಾರುವ ತಳ್ಳುಗಾಡಿಗಳು ಒಂದರ ಮೇಲೊಂದು ಮಗುಚಿಕೊಂಡು ರಸ್ತೆಯಲ್ಲಿ ಉರುಳುತ್ತಿದ್ದವು. ಸಮುದ್ರ ಮರಳನ್ನೆಲ್ಲ ದಾಟಿ ಸರ್ವಿಸ್ ರಸ್ತೆಗೆ ಬಂದಿತ್ತು. ನಾನು ಹಿಂತಿರುಗೋಣವೆಂದೆ. ನಿಮ್ಮ ಯಜಮಾನರು ನಕ್ಕರು. "ಬಿಸಿಲಲ್ಲಿ ಯಾರು ಬೇಕಾದ್ರೂ ನೋಡ್ತಾರೆ ಗಿರಿಧರ್. ಇವತ್ತು ನೋಡೋದೇ ನಿಜವಾಗಿ ನೋಡೋದು" ಎಂದರು.

ದೀಪಸ್ತಂಭದ ಹತ್ತಿರ ಬೇವಿನ ಮರವೊಂದು ನಮ್ಮ ಕಣ್ಣೆದುರೇ ಬುಡಸಮೇತ ಎದ್ದು ಆಟೋ ಮೇಲೆ ಬಿತ್ತು. ಒಳಗೆ ಯಾರೂ ಇರಲಿಲ್ಲ, ಪುಣ್ಯ. ಅಲ್ಲಿಂದ ಮೈಲಾಪುರಕ್ಕೆ ಹೋಗಿ ದೇವರ ದರ್ಶನ ಮಾಡಿದೆವು. ಮಳೆ ಹೆಚ್ಚಿದ್ದರಿಂದ ವೇಲಚೇರಿಯ ನನ್ನ ಮನೆಗೆ ಕರೆತಂದೆ. ಅಮ್ಮ ಕಾಫಿ ಕೊಟ್ಟರು. ಹಡಗು ಬೇಗ ಹೊರಡುತ್ತದೆಂದು ಮೆಸೇಜ್ ಬಂದಾಗ ಅವರು ಆತುರಪಟ್ಟು ನೀರಿಗಿಳಿದರು. ರಸ್ತೆಯ ಕರೆಂಟಿನ ಪೆಟ್ಟಿಗೆ ಮುಟ್ಟಿದರು. ಆಗ ಹನ್ನೆರಡೂಕಾಲು.

ಅವರು ಬೇರೆ ಯಾರನ್ನೂ ಭೇಟಿಯಾಗಲಿಲ್ಲ. ಪೊಲೀಸರಿಗೂ ಇದನ್ನೇ ಹೇಳಿದ್ದೇನೆ.

ತಮ್ಮ ವಿಶ್ವಾಸಿ,
ಗಿರಿಧರ್

*

ತಿಪಟೂರು
2 ಜನವರಿ 2025

ಗಿರಿಧರ್ ಅವರಿಗೆ,

ನೀವು ಸುಳ್ಳು ಬರೆದಿದ್ದೀರಿ.

ನಮ್ಮ ಯಜಮಾನರು ಹದಿನೆಂಟು ವರ್ಷದಿಂದ ದೇವಸ್ಥಾನದ ಹೊಸ್ತಿಲು ತುಳಿದವರಲ್ಲ. ನೀವು ಅವರಿಗೆ ಮೈಲಾಪುರದಲ್ಲಿ ದರ್ಶನ ಮಾಡಿಸಿದಿರಿ!

ಹೆಣ ತೊಳೆದವನು ಸದಾನಂದ. ಎಡಗೆನ್ನೆಯ ಮೇಲೆ ಕಣ್ಣಿನಿಂದ ದವಡೆಯವರೆಗೆ ನಾಲ್ಕು ಗೀರು ಇದ್ದವಂತೆ. ಕೆಳತುಟಿ ಒಡೆದಿತ್ತಂತೆ. ಕರೆಂಟು ಹೊಡೆದರೆ ಅಂಗೈ ಸುಡುತ್ತದೆ, ಉಗುರಿನ ಗೀರು ಬೀಳುತ್ತದೆಯೇ? ಅದು ಯಾರ ಉಗುರು? ಆ ಉಗುರಿನವರಿಗೆ ಏನಾಯಿತು?

ಇದನ್ನು ಮೂರು ಸಲ ಬರೆದು ಹರಿದಿದ್ದೇನೆ. ಅವರು ಆ ದಿನ ಒಂದು ಮನೆಗೆ ಹೋದರು. ಅದು ನಿಮ್ಮ ಮನೆಯಲ್ಲ. ಆ ಮನೆಯಲ್ಲಿ ನೀವು ಏನು ನೋಡಿದಿರಿ ಎಂದು ನನಗೆ ತಿಳಿಯಬೇಕು. ಒಂದೂವರೆ ತಿಂಗಳಿಂದ ನಾನು ನಿದ್ದೆ ಮಾಡಿಲ್ಲ. ನೀವು ಬರೆಯದಿದ್ದರೆ ನಾನು ಚೆನ್ನೈ ಪೊಲೀಸರ ಮುಂದೆ ಬಂದು ನಿಲ್ಲುತ್ತೇನೆ. ಆ ಬೀದಿಯ ಒಂದೊಂದೇ ಮನೆಯ ಬಾಗಿಲು ತೆಗೆಸುತ್ತೇನೆ.

ಕಲಾವತಿ

*

ವೇಲಚೇರಿ
13 ಜನವರಿ 2025

ಕಲಾವತಿಯವರಿಗೆ,

ಹೆದರಿಸಿ ಬರೆಯುವುದಾದರೆ ನಾನೂ ನೇರವಾಗಿಯೇ ಬರೆಯುತ್ತೇನೆ.

ಹೌದು, ನಿಮ್ಮ ಗಂಡ ಒಂದು ಮನೆಗೆ ಹೋದರು. ತುಟಿ ಒಡೆದದ್ದು ನನ್ನ ಕೈಯಿಂದ. ಗೀರು ಹಾಕಿದವರ ಹೆಸರನ್ನು ನಾನು ಬರೆಯುವುದಿಲ್ಲ. ನಿಮ್ಮ ಮೈದುನ ನನಗೆ ಮೂರು ಸಲ ಫೋನ್ ಮಾಡಿದ್ದಾರೆ. "ನಮ್ಮ ಮನೆ ಹುಡುಗಿ ಆ ಏರಿಯಾದಲ್ಲೇ ಇದಾಳೆ, ಅಡ್ರೆಸ್ ಹೇಳು, ಇಲ್ಲಾಂದ್ರೆ ನಿನ್ನ ಮೇಲೆ ಕೊಲೆ ಕೇಸು ಹಾಕಿಸ್ತೀನಿ" ಎಂದರು. ಅವರು ಫೋನಿನಲ್ಲಿ ಕೇಳುವುದನ್ನೇ ನೀವು ಕಾಗದದಲ್ಲಿ ಕೇಳುತ್ತಿದ್ದೀರಿ. ಬರಹದಲ್ಲೇ ಬೇಕೆಂದು ಹಟ ಹಿಡಿದದ್ದು ಯಾತಕ್ಕೆಂದು ಈಗ ಅರ್ಥವಾಯಿತು.

ನಿಮ್ಮ ಅಕ್ಷರ ನನಗೀಗ ಪರಿಚಯ. ಅದೇ ಅಕ್ಷರದ ಚೀಟಿಯನ್ನು ಹಿಡಿದುಕೊಂಡು ನಿಮ್ಮ ಗಂಡ ನನಗೆ ದಾರಿ ತೋರಿಸಿದರು. ಫ್ಲ್ಯಾಟ್ ನಂಬರು, ಬೀದಿ, ಪಕ್ಕದ ಮೆಡಿಕಲ್ ಅಂಗಡಿಯ ಗುರುತು, ಎಲ್ಲ ನೀವೇ ಬರೆದುಕೊಟ್ಟದ್ದು. ಆ ಹುಡುಗಿಯೂ ಚೀಟಿ ನೋಡಿದಳು. ಎಲ್ಲ ಮುಗಿದ ಮೇಲೆ, "ಅಮ್ಮನೇ ಕೊಟ್ಲು" ಎಂದಳು. ಅದೊಂದೇ ಮಾತು, ಆಮೇಲೆ ನಾಲ್ಕು ದಿನ ಬಾಯಿ ಬಿಡಲಿಲ್ಲ.

ನನಗೆ ಮತ್ತೆ ಬರೆಯಬೇಡಿ.

ಗಿರಿಧರ್

*

ತಿಪಟೂರು
20 ಜನವರಿ 2025

ಗಿರಿಧರ್ ಅವರೇ,

"ಎಂದಳು" ಎಂದು ಬರೆದಿದ್ದೀರಿ. "ನಾಲ್ಕು ದಿನ" ಎಂದು ಬರೆದಿದ್ದೀರಿ. ಹಾಗಾದರೆ ನನ್ನ ಶ್ರೀಯಾ ಬದುಕಿದ್ದಾಳೆ. ಸ್ಟಾಫ್ ರೂಮಿನಲ್ಲಿ ಇದನ್ನು ಓದಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಹೆಡ್‌ಮೇಡಂ ನೀರು ತಂದುಕೊಟ್ಟರು.

ಈ ಎರಡು ತಿಂಗಳು ನಾನು ಏನಂದುಕೊಂಡಿದ್ದೆ ಗೊತ್ತೇ? ಊರಿಗೆ ಬಂದು ಶಾಲೆಯ ಡೈರಿಯಲ್ಲಿದ್ದ ನಂಬರಿಗೆ ಮಾಡಿದರೆ ಅವಳ ಫೋನು ಸ್ವಿಚ್ ಆಫ್. ಅಪ್ಪನ ಮಣ್ಣಿಗೆ ಬರಲಿಲ್ಲ. ಗಂಡನ ಕೆನ್ನೆಯ ಮೇಲೆ ಉಗುರಿನ ಗುರುತು. ನೀವು ಯಾರನ್ನೂ ಭೇಟಿಯಾಗಲಿಲ್ಲ ಎಂದು ಬರೆದಿರಿ. ಅವಳನ್ನು ಕೊಂದು ನೀರಿಗೆ ಹಾಕಿದ್ದಾರೆ, ಹೆಣ ಯಾವುದೋ ಕಾಲುವೆಯಲ್ಲಿ ಕೊಚ್ಚಿಹೋಗಿದೆ, ಈ ಗೈಡು ಅದನ್ನು ಮುಚ್ಚುತ್ತಿದ್ದಾನೆ ಎಂದುಕೊಂಡೆ. ಮನೆಯಲ್ಲಿ ಯಾರಿಗೂ ಹೇಳುವಂತಿರಲಿಲ್ಲ. ಸದಾನಂದ ಈಗ ನಮ್ಮ ಮನೆಯಲ್ಲೇ ಇದ್ದಾನೆ. ನನ್ನ ಪ್ರತಿ ಫೋನಿಗೂ ಅವನು ಎದುರಿಗೆ ಬಂದು ಕೂರುತ್ತಾನೆ. ಅದಕ್ಕೇ ಕಾಗದ.

ಎರಡು ವರ್ಷದ ಹಿಂದೆ ಅವರು ಅವಳ ಎಡಗೈ ಮುಂಗೈಯನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಮುರಿದರು. ಪ್ಲಾಸ್ಟರ್ ಬಿಚ್ಚಿಸಿದ ವಾರವೇ ಅವಳನ್ನು ಬೆಂಗಳೂರಿನ ಬಸ್ಸು ಹತ್ತಿಸಿದವಳು ನಾನು. ಎಲ್ಲಿಗೆ ಹೋದಳೋ ಗೊತ್ತಿಲ್ಲ ಎಂದು ಎರಡು ವರ್ಷ ಹೇಳಿದೆ. ಗೊತ್ತಿತ್ತು. ಅವಳಿಗೆ ಚೆನ್ನೈನ ಶೋಳಿಂಗನಲ್ಲೂರಿನಲ್ಲಿ ಕೆಲಸ ಸಿಕ್ಕಿದ್ದು, ವೇಲಚೇರಿಯಲ್ಲಿ ಮನೆ ಮಾಡಿದ್ದು, ಎಲ್ಲ ಗೊತ್ತಿತ್ತು. ಹಡಗು ಚೆನ್ನೈನಲ್ಲಿ ನಿಲ್ಲುತ್ತದೆಂದು ತಿಳಿದೇ ನಾನು ಹೊರಟೆ. ಶಾಪಿಂಗ್ ಎಂದು ಹೆಂಗಸರ ಜೊತೆ ಇಳಿದು ಅರ್ಧ ಗಂಟೆ ಅವಳ ಮುಖ ನೋಡಿ ಬರೋಣವೆಂದು. ಚೀಟಿ ಬರೆದಿಟ್ಟುಕೊಂಡದ್ದು ನನಗಾಗಿ. ಮಾತ್ರೆ ಡಬ್ಬಿಯ ತಳದಲ್ಲಿ ಮಡಚಿಟ್ಟಿದ್ದೆ.

ಚೆನ್ನೈ ಮುಟ್ಟುವ ಹಿಂದಿನ ರಾತ್ರಿಯೆಲ್ಲ ಹಡಗು ಹೊಯ್ದಾಡಿತು. ನನಗೆ ವಾಂತಿ ನಿಲ್ಲಲಿಲ್ಲ. ಬೆಳಗ್ಗೆ ದಕ್ಕೆಗೆ ಬಂದ ಮೇಲೆ ಅವರು, "ಇರು, ಮಾತ್ರೆ ಕೊಡ್ತೀನಿ" ಎಂದು ಡಬ್ಬಿ ತೆಗೆದರು. ಪ್ರೀತಿಯಿಂದಲೇ ತೆಗೆದರು. ಚೀಟಿ ಸಿಕ್ಕಿತು.

"ಯಾರ ಮನೇನೇ ಇದು?"

"ನನ್ ಫ್ರೆಂಡ್ ಮನೆ. ಟ್ರೇನಿಂಗಲ್ಲಿ ಜೊತೆಗಿದ್ಳು."

ಅವರು ಟೀವಿಯ ಸದ್ದು ಹೆಚ್ಚಿಸಿದರು. ಮನೆಯಲ್ಲೂ ಹಾಗೆಯೇ ಮಾಡುತ್ತಿದ್ದರು. ನನ್ನನ್ನು ಹಾಸಿಗೆಯಿಂದ ಎಳೆದು ಕೆಡವಿದರು. ಮಂಚದ ಕಬ್ಬಿಣದ ಕಾಲನ್ನು ತಬ್ಬಿಕೊಂಡೆ. ಬೂಟು ಹಾಕಿಕೊಂಡಿದ್ದರು. ಒದ್ದರು. ಹೆಸರು ಹೇಳು ಎಂದರು. ನಾನು ಫ್ರೆಂಡ್, ಫ್ರೆಂಡ್ ಎಂದೆ. ಎಡ ಪಕ್ಕೆಯಲ್ಲಿ ಏನೋ ಕಡ್ಡಿ ಮುರಿದ ಹಾಗೆ ಸದ್ದಾಯಿತು. ಆಮೇಲೆ ಅವರು ನನ್ನ ಫೋನು ತೆಗೆದುಕೊಂಡು, ತಲೆ ಬಾಚಿಕೊಂಡು, ಹೊರಟರು. ನಾನು ಹೇಳಲಿಲ್ಲ ಗಿರಿಧರ್. ಕೊನೆಗೂ ಹೇಳಲಿಲ್ಲ. ಆದರೆ ಅವರಿಗೆ ಹೇಳಿಸಿಕೊಳ್ಳುವ ಅಗತ್ಯವೇ ಇರಲಿಲ್ಲ.

ಗೋಡೆ ಹಿಡಿದುಕೊಂಡು ರಿಸೆಪ್ಶನ್‌ವರೆಗೆ ಹೋದೆ. ಅಲ್ಲಿ ಕೂತಿದ್ದ ಹುಡುಗಿ ಫೋನು ಮುಂದಿಟ್ಟಳು. ಶ್ರೀಯಾಳ ನಂಬರು ನನಗೆ ಬಾಯಿಗೆ ಬರುತ್ತಿರಲಿಲ್ಲ. ಅದು ನನ್ನ ಫೋನಿನೊಳಗಿತ್ತು. ಹತ್ತು ಅಂಕಿಗಳಲ್ಲಿ ಆರು ನೆನಪಾದವು. ಉಳಿದ ನಾಲ್ಕಕ್ಕೆ ಏನೇನೋ ಒತ್ತಿದೆ. ಯಾರ್ಯಾರೋ ತಮಿಳಿನಲ್ಲಿ ಮಾತಾಡಿದರು. ಅಷ್ಟರಲ್ಲಿ ಹಡಗು ಹಗ್ಗ ಬಿಚ್ಚಿತು.

ನೀವು ಈ ಕಾಗದವನ್ನು ಅವಳಿಗೆ ಓದಿ ಹೇಳಿ. ನಂಬದಿದ್ದರೆ ಬೇಡ. ವಿಳಾಸ ನನಗೆ ಬೇಡ. ಅವಳು ಊಟ ಮಾಡುತ್ತಿದ್ದಾಳೋ ಇಲ್ಲವೋ, ಅಷ್ಟು ಮಾತ್ರ ಬರೆಯಿರಿ.

ಕಲಾವತಿ

*

ವೇಲಚೇರಿ
2 ಫೆಬ್ರವರಿ 2025

ಅಕ್ಕಾ,

ಹೀಗೆ ಕರೆದರೆ ಬೇಸರಪಡಬೇಡಿ. ನನ್ನ ಹಿಂದಿನ ಕಾಗದವನ್ನು ಹರಿದು ಹಾಕಿ.

ಶ್ರೀಯಾ ಆ ದಿನದಿಂದ ನಮ್ಮ ಮನೆಯಲ್ಲೇ ಇದ್ದಾಳೆ, ಅಮ್ಮನ ಕೋಣೆಯಲ್ಲಿ. ಊಟ ಮಾಡುತ್ತಾಳೆ. ನಿಮ್ಮ ಕಾಗದವನ್ನು ನಾನು ಓದಿದೆ, ಅಮ್ಮ ಪಕ್ಕದಲ್ಲಿ ಕೂತಿದ್ದರು. ಮಾತ್ರೆ ಡಬ್ಬಿಯ ಮಾತು ಬಂದಾಗ ಅವಳು ಕೈ ಎತ್ತಿ ನಿಲ್ಲಿಸೆಂದಳು. "ಅಮ್ಮಂಗೆ ತುಮಕೂರಿಗೆ ಹೋಗೋ ಬಸ್ಸೇ ಆಗಲ್ಲ. ವಾಂತಿ ಮಾಡ್ಕೊತಾಳೆ. ನನ್ನ ನೋಡಕ್ಕೆ ಅಂತ ಹಡಗು ಹತ್ತಿದ್ಲಾ?" ಎಂದು ನನ್ನ ಅಮ್ಮನನ್ನು ಕೇಳಿದಳು. ಆಮೇಲೆ ಅಡುಗೆಮನೆಗೆ ಹೋಗಿ ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು.

ನಿಜ ಬರೆಯುತ್ತೇನೆ. ಮೈಲಾಪುರಕ್ಕೆ ನಾವು ಹೋಗಲೇ ಇಲ್ಲ. ಮರ ಬಿದ್ದ ಮೇಲೆ ನಿಮ್ಮ ಯಜಮಾನರು ಚೀಟಿ ತೆಗೆದು, "ಮಗಳ ಮನೆ ಇದೆ, ಸರ್ಪ್ರೈಸ್ ಕೊಡೋಣ" ಎಂದರು. ನನ್ನ ಮನೆಯಿಂದ ಎರಡೇ ಬೀದಿ. ಅರ್ಧ ಷಟರ್ ಎಳೆದಿದ್ದ ಅಂಗಡಿಯಲ್ಲಿ ಮೈಸೂರುಪಾಕ್ ಕೊಂಡರು. ನನಗೆ ಸಂತೋಷವೇ ಆಯಿತು. ಇಂಥ ಮಳೆಯಲ್ಲಿ ಮಗಳನ್ನು ನೋಡಲು ಹೊರಟ ಅಪ್ಪ ಎಂದು. ಅಡ್ಯಾರ್ ಸೇತುವೆ ಮೇಲೆ ಕಾರು ಪಕ್ಕಕ್ಕೆ ಜಾರುತ್ತಿತ್ತು. ಹೋರ್ಡಿಂಗಿನ ತಗಡು ಹಾರಿ ಬಂದು ಹಿಂದಿನ ಗಾಜು ಒಡೆಯಿತು. ಅವರು ತಿರುಗಿಯೂ ನೋಡಲಿಲ್ಲ.

ಅವಳ ಮನೆ ಮೂರನೇ ಮಹಡಿ. ಕೆಳಗೆ ಕಾರು ನಿಲ್ಲಿಸುವಲ್ಲಿ ಮೊಣಕಾಲು ನೀರು. ಬೆಲ್ ಇರಲಿಲ್ಲ, ಕರೆಂಟು ಹೋಗಿತ್ತು. ಅವರು ಬಾಗಿಲು ಗುದ್ದಿದರು. ನೀರಿನ ವಿಷಯಕ್ಕೆ ಪಕ್ಕದವರು ಬಂದರೆಂದು ಅವಳು ತೆಗೆದಳು. ಅಪ್ಪನನ್ನು ಕಂಡು ಮುಚ್ಚಲು ನೋಡಿದಳು. ಅವರು ಕಾಲಿಟ್ಟರು.

ಜುಟ್ಟು ಹಿಡಿದು ಅವಳ ಹಣೆಯನ್ನು ಗೋಡೆಗೆ ಹೊಡೆದರು. ಎರಡು ಸಲ. "ಬ್ಯಾಗ್ ತಗೋ. ಹಡಗು ಸಂಜೆ ಹೊರಡುತ್ತೆ. ಅಮ್ಮ ಕಾಯ್ತಾ ಇದಾಳೆ" ಎಂದರು, ಮೆಲ್ಲಗೆ, ನನ್ನ ಜೊತೆ ಕಾರಿನಲ್ಲಿ ಮಾತಾಡಿದ ಅದೇ ದನಿಯಲ್ಲಿ. ಚೀಟಿಯನ್ನು ಅವಳ ಕಣ್ಣಿಗೆ ಹಿಡಿದರು. ಅವಳು ಅವರ ಕೆನ್ನೆ ಪರಚಿದಳು. ಅವರು ಅವಳ ಹಿಂದೆ ಮುರಿದಿದ್ದ ಮುಂಗೈಯನ್ನೇ ಹುಡುಕಿ ಹಿಡಿದು ತಿರುಚಿದರು.

ನಾನು ಮೆಟ್ಟಿಲ ಮೇಲೆ ಮೈಸೂರುಪಾಕ್ ಪೊಟ್ಟಣ ಹಿಡಿದುಕೊಂಡು ನಿಂತಿದ್ದೆ ಅಕ್ಕಾ. ಅಪ್ಪ ಮಗಳು, ಮನೆ ವಿಷಯ, ನಾನ್ಯಾರು ಎಂದುಕೊಂಡೆ. ಒಂದು ನಿಮಿಷವೋ ಹೆಚ್ಚೋ. ಆ ಒಂದು ನಿಮಿಷಕ್ಕೆ ಅವಳ ಹಣೆಯ ಮೇಲೆ ಐದು ಹೊಲಿಗೆಯಿದೆ. ಅವಳು ನನ್ನನ್ನು ನೋಡಿ, "ಅಂಕಲ್, ಪ್ಲೀಸ್" ಎಂದಾಗ ನನಗೆ ಎಚ್ಚರವಾಯಿತು. ಹೋಗಿ ಅವರ ಬಾಯಿಗೆ ಗುದ್ದಿದೆ. ಇಬ್ಬರೂ ಅರ್ಧ ಮಹಡಿ ಉರುಳಿದೆವು. ಅವರು ನನ್ನ ಕತ್ತಿಗೆ ಕೈ ಹಾಕಿದರು. ನಾನು ಹೊಟ್ಟೆಗೆ ಒದ್ದೆ. ಎದ್ದು ರಕ್ತ ಉಗಿದು, "ಪೊಲೀಸ್ ಕರ್ಕೊಂಡ್ ಬರ್ತೀನಿ, ನೀನು ನನ್ನ ಮಗಳನ್ನ ಇಟ್ಕೊಂಡಿದೀಯ ಅಂತ ಹೇಳ್ತೀನಿ" ಎನ್ನುತ್ತ ಕೆಳಗಿಳಿದರು.

ಬೀದಿಯಲ್ಲಿ ನೀರು ತೊಡೆಯವರೆಗೆ ಏರಿತ್ತು. ಗಾಳಿಗೆ ನಿಲ್ಲಲಾಗದೆ ಅವರು ಹಿಡಿಯಲು ಏನಾದರೂ ಹುಡುಕುತ್ತಿದ್ದರು. ಮೂಲೆಯಲ್ಲಿ ಕರೆಂಟಿನ ಪೆಟ್ಟಿಗೆ. ನಮ್ಮ ಮನೆಗಳಿಗೆ ಕರೆಂಟು ಹೋಗಿದ್ದರೂ ಆ ಪೆಟ್ಟಿಗೆಗೆ ಬೇರೆ ಲೈನಿನಿಂದ ಬರುತ್ತದೆ. ಇದು ನಮ್ಮ ಏರಿಯಾದವರಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು. ನಾನು ಕೊನೆಯ ಮೆಟ್ಟಿಲ ಮೇಲಿದ್ದೆ. ಅವರ ಕೈ ಅದರ ಕಡೆ ಹೋಗುವುದನ್ನು ನೋಡಿ ಕೂಗಿದೆ. "ಅದ ತೊಡಾದೀಂಗ!" ಎಂದು.

ತಮಿಳಿನಲ್ಲಿ ಅಕ್ಕಾ. ಮುಟ್ಟಬೇಡಿ ಎಂಬುದನ್ನು ತಮಿಳಿನಲ್ಲಿ ಕೂಗಿದೆ. ಬೆಳಗ್ಗೆಯಿಂದ ಅವರ ಜೊತೆ ಕನ್ನಡವನ್ನೇ ಆಡಿದವನು, ಕನ್ನಡದಿಂದಲೇ ಅನ್ನ ತಿನ್ನುವವನು. ಆ ಹೊತ್ತಿಗೆ ಅದು ಬಾಯಿಗೆ ಬರಲಿಲ್ಲ. ಅವರು ತಿರುಗಿ ನನ್ನನ್ನು ನೋಡಿದರು, ಏನೆಂದೆ ಎಂದು ಕೇಳುವ ಹಾಗೆ. ನೋಡುತ್ತಲೇ ಕೈ ಇಟ್ಟರು. ಲೈನ್ ಕಟ್ ಮಾಡುವವರೆಗೆ ಮುಕ್ಕಾಲು ಗಂಟೆ ಯಾರೂ ನೀರಿಗಿಳಿಯುವಂತಿರಲಿಲ್ಲ. ಪೆಟ್ಟಿಗೆಗೆ ಅಂಟಿಕೊಂಡೇ ಇದ್ದರು.

ಸಿಟ್ಟಿನಲ್ಲಿ ಬೇಕೆಂದೇ ಹಾಗೆ ಕೂಗಿದೆನೇ? ಇಲ್ಲವೆಂದು ಅಮ್ಮನ ಮೇಲೆ ಆಣೆ ಇಡಬಲ್ಲೆ. ಆದರೂ ದಿನವೂ ಕೇಳಿಕೊಳ್ಳುತ್ತೇನೆ. ಪೊಲೀಸರಿಗೆ ಹೇಳಿ ಎಂದು ನೀವು ಬರೆದರೆ ಹೋಗಿ ಹೇಳುತ್ತೇನೆ. ಶ್ರೀಯಾಳ ಹೆಸರು ಹೊರಗೆ ಬರಬಾರದೆಂದು ಮಾತ್ರ ಇಷ್ಟು ದಿನ ಸುಮ್ಮನಿದ್ದೆ.

ನಿಮ್ಮ ಶಾಲೆಯ ಫೋನ್ ನಂಬರು ಹುಡುಕಿ ಅವಳಿಗೆ ಕೊಟ್ಟಿದ್ದೇನೆ. ಮಾಡು ಎಂದು ನಾವ್ಯಾರೂ ಹೇಳಿಲ್ಲ.

ಗಿರಿಧರ್

*

ತಿಪಟೂರು
14 ಫೆಬ್ರವರಿ 2025

ಗಿರಿಧರ್,

ಪೊಲೀಸರ ಹತ್ತಿರ ಹೋಗುವುದೋ ಬಿಡುವುದೋ ನಿಮ್ಮ ಮನಸ್ಸಿಗೆ ಬಿಟ್ಟದ್ದು. ನನ್ನ ಕಡೆಯಿಂದ ಒತ್ತಾಯವಿಲ್ಲ. ಆ ಕೂಗಿನ ವಿಷಯಕ್ಕೆ ಒಂದು ಮಾತು ಹೇಳುತ್ತೇನೆ. ಇಪ್ಪತ್ತಾರು ವರ್ಷ ನಾನು ಅವರಿಗೆ ಕನ್ನಡದಲ್ಲೇ ಕೂಗಿದ್ದೇನೆ, ಹೊಡೀಬೇಡಿ, ಹೊಡೀಬೇಡಿ ಎಂದು. ಒಂದು ಸಲವೂ ಕೈ ನಿಲ್ಲಲಿಲ್ಲ.

ನಾನೂ ಒಂದನ್ನು ಮುಚ್ಚಿಟ್ಟಿದ್ದೆ. ಹಡಗು ದಕ್ಕೆ ಬಿಟ್ಟಾಗ ಎಲ್ಲರೂ ಒಳಗೆ ಓಡಿದರು. ನಾನು ಕಂಬಿ ಹಿಡಿದು ನಿಂತೆ. ಚೆನ್ನೈ ಒಂದು ಬೂದಿ ಗೆರೆಯ ಹಾಗೆ ಕಾಣುತ್ತಿತ್ತು. ಅಲೆ ನನ್ನ ತಲೆಯ ಮೇಲಿಂದ ಹೋಯಿತು. ಅವರು ಈ ಮಳೆಯಲ್ಲೇ ಸಾಯಲಿ, ಅವಳ ಮನೆ ಸಿಗುವ ಮೊದಲೇ ಸಾಯಲಿ ಎಂದು ಬೇಡಿಕೊಂಡೆ. ಬಾಯಿಬಿಟ್ಟು ಬೇಡಿಕೊಂಡೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಮೊನ್ನೆ ಸದಾನಂದನಿಗೆ ನಿಮ್ಮ ಲಕೋಟೆ ಸಿಕ್ಕಿತು. ಒಳಗಿನ ಕಾಗದ ಶಾಲೆಯಲ್ಲಿತ್ತು, ಲಕೋಟೆ ಮಾತ್ರ ಬ್ಯಾಗಿನಲ್ಲಿತ್ತು. "ಯಾರಿಗ್ ಬರೀತಿದೀರ ಅತ್ತಿಗೆ?" ಎಂದು ಕೈ ಎತ್ತಿದ, ಅಣ್ಣನ ಹಾಗೆಯೇ. ನಾನು ಒಲೆಯ ಮೇಲಿದ್ದ ಸಾರಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡೆ. ಕುದಿಯುತ್ತಿತ್ತು. "ಹೊಡಿ" ಎಂದೆ. ಅವನು ನನ್ನ ಮುಖ ನೋಡಿದ. ಕೈ ಇಳಿಸಿದ. ನಾನು ಅವನ ಬಟ್ಟೆಗಳನ್ನು ಅಂಗಳಕ್ಕೆ ಎಸೆದು ಬಾಗಿಲು ಹಾಕಿದೆ. ಸಂಜೆಯವರೆಗೆ ಬೀದಿಯಲ್ಲಿ ನಿಂತು ಬೈದ. ಬೀದಿಯವರೆಲ್ಲ ಕೇಳಿಸಿಕೊಂಡರು. ಕೇಳಿಸಿಕೊಳ್ಳಲಿ. ಅಂಗೈ ಸುಟ್ಟಿದೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.

ನಿನ್ನೆ ಎರಡನೇ ಪೀರಿಯಡ್ಡಿನಲ್ಲಿ ಹೆಡ್‌ಮೇಡಂ ಕರೆಸಿದರು. ಫೋನಿನಲ್ಲಿ ಶ್ರೀಯಾ. ಅವಳು, "ಎಲ್ಲೆಲ್ಲಿ ಹೊಡೆದ್ರು ನಿಂಗೆ?" ಎಂದಳು. ಹೇಳಿದೆ. ಪಕ್ಕೆ, ಸೊಂಟ, ಕಿವಿಯ ಹಿಂದೆ. "ನಿಂಗೆ?" ಎಂದೆ. ಹಣೆ, ಕೈ, ಬೆನ್ನು ಎಂದಳು. ಮನೆಯಲ್ಲಿದ್ದಾಗ ಅವಳು ನನಗೆ ತೋರಿಸುತ್ತಿರಲಿಲ್ಲ, ನಾನು ಅವಳಿಗೆ ತೋರಿಸುತ್ತಿರಲಿಲ್ಲ. ಸೆರಗು ಹೊದ್ದು, ತುಂಬುತೋಳು ಹಾಕಿಕೊಂಡು, ಒಂದೇ ತಟ್ಟೆಯಲ್ಲಿ ತಿಂಡಿ ತಿನ್ನುತ್ತಿದ್ದೆವು. ಆಫೀಸ್ ರೂಮಿನಲ್ಲಿ ಗುಮಾಸ್ತರಿದ್ದರು, ಮಕ್ಕಳು ಹೋಗಿ ಬಂದು ಮಾಡುತ್ತಿದ್ದರು. ನಾನು ಜೋರಾಗಿ ಹೇಳಿದೆ, ಅವಳು ಜೋರಾಗಿ ಹೇಳಿದಳು.

ಇಪ್ಪತ್ತೆರಡನೇ ತಾರೀಖು ಶನಿವಾರ ಬೆಂಗಳೂರಿನಿಂದ ರೈಲಿನಲ್ಲಿ ಬರುತ್ತೇನೆ. ಪ್ರೇಮಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ. ನೀವು ಸ್ಟೇಷನ್ನಿಗೆ ಬರುವುದು ಬೇಡ. ಅವಳೇ ಬರುತ್ತಾಳಂತೆ.

ಕಲಾವತಿ